ಒಳಮಗ್ಗುಲಿನ ಹೊಲಿಗೆ

ನಾನು ಹುಡುಗನಾಗಿದ್ದಾಗ ದರ್ಜಿಯ ಅಂಗಡಿಯಿಂದ ಹೊಸ ಬಟ್ಟೆ ಬಂದರೆ ಮನೆಯವರೆಲ್ಲ ಅದರ ಬಣ್ಣವನ್ನೂ ಅಳತೆಯನ್ನೂ ನೋಡುತ್ತಿದ್ದರು. ನಮ್ಮ ಅಜ್ಜಿ ಮಾತ್ರ ಅದನ್ನು ಕೈಗೆತ್ತಿಕೊಂಡವಳೇ ಒಳಮಗ್ಗುಲನ್ನು ಹೊರಕ್ಕೆ ತಿರುವಿ ಬೆಳಕಿಗೆ ಹಿಡಿಯುತ್ತಿದ್ದಳು. ಹೊಲಿಗೆಯ ಗೆರೆಯಾಚೆ ಉಳಿದ ಅಂಚಿನಲ್ಲಿ ಒಂದೆರಡು ಎಳೆ ನೇತಾಡುತ್ತಿದ್ದರೆ ಸಾಕು, ಅಂಗಿ ಮತ್ತೆ ಅಂಗಡಿಗೆ ಹೋಗುತ್ತಿತ್ತು. ಒಮ್ಮೆ ದರ್ಜಿ ಬೇಸತ್ತು, “ಒಳಗಡೆ ಯಾರಮ್ಮ ನೋಡ್ತಾರೆ?” ಎಂದ. ಅಜ್ಜಿ, “ಒಗೆಯೋಳು ನೋಡ್ತಾಳಪ್ಪ” ಎಂದಳು. ಆ ಉತ್ತರದ ಅರ್ಥ ನನಗೆ ಅಂದು ಆಗಲಿಲ್ಲ. ಹೊಲಿಗೆಯ ಯಂತ್ರದ ಚರಿತ್ರೆಯನ್ನು ಮುಂದೆ ಓದತೊಡಗಿದಾಗ ಆ ಮಾತು ಪದೇ ಪದೇ ನೆನಪಿಗೆ ಬಂದಿತು. ಏಕೆಂದರೆ ಆ ಚರಿತ್ರೆಯಲ್ಲಿ ಹೊರಗೆ ಕಾಣುವ ನೇರ ಹೊಲಿಗೆಗೆ ದೊರೆತ ಸ್ಥಾನ ಒಳಗಿನ ಅಂಚಿಗೆ ದೊರೆತಿಲ್ಲ. ಅಂಚನ್ನು ಕಟ್ಟುವ ಯಂತ್ರವೂ ತಡವಾಗಿಯೇ ಬಂದಿತು.

ಬಟ್ಟೆಯ ಅಂಚು ಎಳೆ ಬಿಡುವುದು ಏಕೆ? ನೇಯ್ದ ಬಟ್ಟೆಯೆಂದರೆ ಹಾಸು ಮತ್ತು ಹೊಕ್ಕುಗಳ ಒಂದು ಒಪ್ಪಂದ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ಹೊಕ್ಕಿನ ಎಳೆ ಮೇಲೊಮ್ಮೆ ಕೆಳಗೊಮ್ಮೆ ಹಾಯುತ್ತದೆ. ಮಗ್ಗದ ಎರಡು ಬದಿಗಳಲ್ಲಿಯೂ ಹೊಕ್ಕು ಕೊನೆಯ ಎಳೆಯನ್ನು ಸುತ್ತಿ ಹಿಂದಿರುಗುವುದರಿಂದ ಅಲ್ಲಿ ಬಟ್ಟೆ ತನ್ನಷ್ಟಕ್ಕೆ ತಾನೇ ಭದ್ರವಾಗಿರುತ್ತದೆ. ಆ ಅಂಚು ಬಿಚ್ಚುವುದಿಲ್ಲ. ಕತ್ತರಿ ಬಿದ್ದ ಕಡೆಯಲ್ಲಾದರೋ ಹಿಂದಿರುಗುವ ದಾರಿ ಕಡಿದುಹೋಗಿರುತ್ತದೆ. ತುದಿಯ ಎಳೆಯನ್ನು ಹಿಡಿದಿಡುವುದು ಅದರ ಪಕ್ಕದ ಎಳೆಗಳ ಒರಸಾಟವೊಂದೇ. ಒಗೆತದ ಕಲ್ಲಿನ ಮೇಲೆ ನಾಲ್ಕು ಸಲ ಬಡಿದರೆ ಆ ಹಿಡಿತ ಸಡಿಲುತ್ತದೆ. ಒಂದು ಎಳೆ ಜಾರಿದರೆ ಅದರ ಹಿಂದಿನದು ತುದಿಯಾಗುತ್ತದೆ. ಹೀಗೆ ಒಂದೊಂದಾಗಿ ಜಾರುತ್ತ ಅಂಚು ಹೊಲಿಗೆಯ ಗೆರೆಯನ್ನು ಮುಟ್ಟಿದ ದಿನ ಹೊಲಿಗೆಯೇ ಬಾಯಿಬಿಡುತ್ತದೆ. ಆದ್ದರಿಂದ ಈ ರೋಗ ಮಗ್ಗದಿಂದ ಬಂದದ್ದಲ್ಲ, ಕತ್ತರಿಯಿಂದ ಬಂದದ್ದು.

ಕತ್ತರಿಯನ್ನು ಹೆಚ್ಚು ಬೇಡದ ಉಡುಪುಗಳು ನಮ್ಮಲ್ಲಿ ಬಹುಕಾಲ ಬಳಕೆಯಲ್ಲಿದ್ದವು. ಸೀರೆಗೂ ಪಂಚೆಗೂ ಎರಡು ಬದಿಗಳಲ್ಲಿ ಮಗ್ಗವೇ ಅಂಚು ಕಟ್ಟಿ ಕೊಟ್ಟಿರುತ್ತದೆ; ಉಳಿಯುವುದು ಎರಡು ತುದಿಗಳು ಮಾತ್ರ. ಸೆರಗಿನ ತುದಿಯಲ್ಲಿ ಉಳಿದ ಹಾಸಿನ ಎಳೆಗಳನ್ನು ಹಿಡಿಹಿಡಿಯಾಗಿ ಹೊಸೆದು ಗಂಟು ಹಾಕಿದರೆ ಕುಚ್ಚಾಯಿತು. ಕುಚ್ಚನ್ನು ನಾವು ಇಂದು ಅಲಂಕಾರವೆಂದು ಎಣಿಸುತ್ತೇವೆ. ಅದು ಕೊನೆಯ ಹೊಕ್ಕು ಜಾರದಂತೆ ಹಾಕಿದ ಬೀಗವೂ ಹೌದು.

ಹಾಗೆಂದು ಸೂಜಿಯ ಕೆಲಸ ಈ ನಾಡಿಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬಾತನಿದ್ದಾನೆ. ಆತನ ಕಾಯಕವೇ ಆತನ ಹೆಸರಾಗಿ ಉಳಿದಿದೆ. ನಮ್ಮ ಕುಪ್ಪಸವೆಂಬ ಮಾತು ಸಂಸ್ಕೃತದ ಕೂರ್ಪಾಸದ ತದ್ಭವ. ಸಿಂಪಿಗ, ಚಿಪ್ಪಿಗ ಎಂಬ ಹೆಸರುಗಳು ಊರೂರಿನಲ್ಲಿಯೂ ಇದ್ದವು. ಬಟ್ಟೆಯನ್ನು ಕತ್ತರಿಸಿ ಹೊಲಿದ ಕಡೆಯಲ್ಲೆಲ್ಲ ಅಂಚನ್ನು ಕಾಯುವ ಕೆಲಸವೂ ಇದ್ದೇ ಇರುತ್ತದೆ. ಅಂಚನ್ನು ಎರಡು ಮಡಿಕೆ ಮಡಿಚಿ ಸಣ್ಣ ಹೊಲಿಗೆ ಹಾಕುವುದು ಒಂದು ಉಪಾಯ. ಅಂಚಿನ ಮೇಲಿಂದ ದಾರವನ್ನು ಓರೆಯಾಗಿ ಸುತ್ತಿ ಸುತ್ತಿ ಹೊಲಿಯುವುದು ಇನ್ನೊಂದು. ಬೇರೊಂದು ಪಟ್ಟಿಯನ್ನು ಮುಚ್ಚಳದಂತೆ ಕೂಡಿಸುವುದು ಮೂರನೆಯದು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೆಯ ಬಟ್ಟೆಗಳಿಂದ ಹೊಲಿಯುವ ಕವಂದಿಯಲ್ಲಿ ಕೆಲಸ ಅಂಚಿನಿಂದಲೇ ಮೊದಲಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗಳಿಗೆ ಮಡಿಚಿದ ಚಿಕ್ಕ ತುಂಡುಗಳ ‘ಫುಲ’ ಕೂಡಿಸದೆ ಅವರು ಅದನ್ನು ಮುಗಿಯಿತೆನ್ನುವುದಿಲ್ಲ. ಅಂಚಿಗೆ ಕೈಹೊಲಿಗೆ ಕೊಟ್ಟ ಗೌರವ ಇದರಿಂದ ತಿಳಿಯುತ್ತದೆ.

ಆದರೆ ಗೌರವದ ಮಾತು ಬೇರೆ, ಹೊಟ್ಟೆಪಾಡಿನ ಮಾತು ಬೇರೆ. ಯೂರೋಪಿನ ನಗರಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಹೊಲಿದು ಬದುಕುತ್ತಿದ್ದ ಹೆಂಗಸರ ಪಾಡು ಕರುಣಾಜನಕವಾಗಿತ್ತು. ೧೮೪೩ರಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ತಾಮಸ್ ಹುಡ್ ಎಂಬ ಕವಿ ಅಂಗಿ ಹೊಲಿಯುವ ಹೆಂಗಸಿನ ಹಾಡನ್ನು ಪ್ರಕಟಿಸಿದಾಗ ಇಂಗ್ಲೆಂಡಿನ ಓದುಗರೆಲ್ಲ ಬೆಚ್ಚಿದರು. ಅವಳು ಹೊಲಿಯುತ್ತಿದ್ದುದು ತುಂಡಿಗಿಷ್ಟು ಎಂಬ ಕೂಲಿಗೆ. ಅಂಚು ಮಡಿಚುವ ಹೊತ್ತಿಗೆ ಬೇರೆ ಲೆಕ್ಕವಿರಲಿಲ್ಲ.

ಈ ಹೊತ್ತಿಗೆ ಯಂತ್ರದ ಯತ್ನಗಳು ಆರಂಭವಾಗಿದ್ದವು. ೧೮೩೦ರಲ್ಲಿ ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ ಎಂಬ ದರ್ಜಿ ಸರಪಣಿ ಹೊಲಿಗೆಯ ಯಂತ್ರಕ್ಕೆ ಪೇಟೆಂಟು ಪಡೆದು ಪ್ಯಾರಿಸ್ಸಿನಲ್ಲಿ ಸಿಪಾಯಿಗಳ ಉಡುಪು ಹೊಲಿಯುವ ಕಾರ್ಖಾನೆ ಹೂಡಿದ. ತಮ್ಮ ಅನ್ನಕ್ಕೆ ಕಲ್ಲು ಬಿದ್ದಿತೆಂದು ಹೆದರಿದ ದರ್ಜಿಗಳು ೧೮೩೧ರಲ್ಲಿ ನುಗ್ಗಿ ಯಂತ್ರಗಳನ್ನು ಒಡೆದುಹಾಕಿದರು. ಆತ ೧೮೫೭ರಲ್ಲಿ ಬಡತನದಲ್ಲಿಯೇ ಸತ್ತ. ಅಮೆರಿಕದ ಇಲಿಯಾಸ್ ಹೋವೆ ೧೮೪೬ರಲ್ಲಿ ಎರಡು ದಾರಗಳ ಬಿಗಿ ಹೊಲಿಗೆಗೆ ಪೇಟೆಂಟು ಪಡೆದ. ಬಾಸ್ಟನ್ನಿನಲ್ಲಿ ಐವರು ಕೈಚಳಕದ ಹೆಂಗಸರೊಡನೆ ಪಂದ್ಯ ಹೂಡಿ, ನಿಮಿಷಕ್ಕೆ ೨೫೦ ಹೊಲಿಗೆ ಹಾಕುವ ತನ್ನ ಯಂತ್ರದಿಂದ ಅವರೆಲ್ಲರನ್ನೂ ಆತ ಸೋಲಿಸಿ ತೋರಿಸಿದ್ದ. ೧೮೫೧ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟು ಪಡೆದ. ೧೮೫೬ರಲ್ಲಿ ಅವನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಕಂತಿನ ಮಾರಾಟವನ್ನು ಆರಂಭಿಸಿದ ಮೇಲೆ ಯಂತ್ರ ಮನೆಮನೆಯನ್ನೂ ಹೊಕ್ಕಿತು. ೧೮೬೦ರ ಸುಮಾರಿಗೆ ಯಂತ್ರ ಮಾರುವವರು ಪ್ರಕಟಿಸಿದ ಲೆಕ್ಕವೊಂದರಲ್ಲಿ, ಗಂಡಸಿನ ಒಂದು ಅಂಗಿಗೆ ಕೈಯಲ್ಲಿ ಹದಿನಾಲ್ಕು ಗಂಟೆಗಿಂತ ಹೆಚ್ಚು ಹಿಡಿದರೆ ಯಂತ್ರದಲ್ಲಿ ಒಂದೂಕಾಲು ಗಂಟೆ ಸಾಕು ಎಂದಿದೆ. ಮಾರುವವರ ಲೆಕ್ಕವೆಂದು ಒಂದಷ್ಟು ಕಳೆದರೂ ಇದು ಸಣ್ಣ ಮಾತಲ್ಲ.

ಆದರೆ ಈ ಯಂತ್ರಗಳೆಲ್ಲ ಬಲ್ಲದ್ದು ಎರಡು ತುಂಡುಗಳನ್ನು ನೇರ ಗೆರೆಯಲ್ಲಿ ಕೂಡಿಸುವ ವಿದ್ಯೆಯನ್ನು. ಗೆರೆಯಾಚೆ ಉಳಿದ ಅಂಚಿನ ಗೊಡವೆ ಅವಕ್ಕಿರಲಿಲ್ಲ. ಮಡಿಚಿ ಕೊಟ್ಟರೆ ಮಡಿಕೆಯ ಮೇಲೆ ಹೊಲಿಯುತ್ತಿದ್ದವು, ಅಷ್ಟೆ. ಆದರೆ ಮಡಿಕೆಯಿಂದ ಬಟ್ಟೆ ದಪ್ಪವಾಗುತ್ತದೆ. ಕಂಕುಳು, ಕತ್ತುಗಳಂಥ ಬಾಗಿದ ಕಡೆ ಅದು ಸುಕ್ಕುಗಟ್ಟುತ್ತದೆ. ಅಂಥ ಕಡೆ ಸೂಜಿ ಹಿಡಿದು ಅಂಚನ್ನು ಸುತ್ತಿ ಹೊಲಿಯುವ ಕೆಲಸ ಕೈಗೇ ಉಳಿಯಿತು. ಯಂತ್ರ ಬಂದು ಹೊಲಿಯುವುದು ಸುಲಭವಾದುದರಿಂದ ಬಟ್ಟೆಗಳ ಸಂಖ್ಯೆ ಹೆಚ್ಚಿತು. ಬಟ್ಟೆಗಳು ಹೆಚ್ಚಿದಂತೆ ಕತ್ತರಿಸಿದ ಅಂಚುಗಳೂ ಹೆಚ್ಚಿದವು. ಒಂದು ಕೈಯಿಂದ ಕೆಲಸ ಕಿತ್ತುಕೊಂಡ ಯಂತ್ರ ಇನ್ನೊಂದು ಕೈಗೆ ಕೆಲಸ ಹೊರಿಸಿತು.

ಇದಕ್ಕೆ ಯಂತ್ರಶಾಸ್ತ್ರದ ಕಾರಣವೊಂದುಂಟು. ನೇರ ಹೊಲಿಗೆಯಲ್ಲಿ ಸೂಜಿ ಯಾವಾಗಲೂ ಬಟ್ಟೆಯೊಳಗೇ ಇಳಿಯುತ್ತದೆ. ಅಂಚನ್ನು ಸುತ್ತಬೇಕಾದರೆ ದಾರ ಒಮ್ಮೆ ಬಟ್ಟೆಯಲ್ಲಿಯೂ ಮತ್ತೊಮ್ಮೆ ಬಟ್ಟೆಯ ಹೊರಗೆ ಬರಿಯ ಗಾಳಿಯಲ್ಲಿಯೂ ಸಿಕ್ಕಿಕೊಳ್ಳಬೇಕು. ಗಾಳಿಯಲ್ಲಿ ಗಂಟು ಹಾಕುವುದನ್ನು ಕಬ್ಬಿಣಕ್ಕೆ ಕಲಿಸುವುದು ಸುಲಭವಲ್ಲ. ಇನ್ನೊಂದು ಕಾರಣವೂ ಇದ್ದಿರಬೇಕೆಂದು ನನ್ನ ಊಹೆ. ಒಳಮಗ್ಗುಲಿನ ಈ ಕೆಲಸ ಕೊಳ್ಳುವವನ ಕಣ್ಣಿಗೆ ಬೀಳುತ್ತಿರಲಿಲ್ಲ, ಅದನ್ನು ಮಾಡುವ ಕೈಗಳು ಅಗ್ಗವಾಗಿ ದೊರೆಯುತ್ತಿದ್ದವು. ಅಗ್ಗದ ಕೈ ಇರುವ ಕಡೆ ದುಬಾರಿಯ ಯಂತ್ರಕ್ಕೆ ಯಾರೂ ಅವಸರಪಡುವುದಿಲ್ಲ.

ಈ ಕಡೆಗೆ ಕಣ್ಣು ಹಾಯಿಸಿದವರಲ್ಲಿ ಮೊದಲಿಗರೊಬ್ಬರು ಹೆಂಗಸೆಂಬುದು ಗಮನಿಸತಕ್ಕದ್ದು. ಅಮೆರಿಕದ ಮೇಯ್ನ್ ಸಂಸ್ಥಾನದ ಪೋರ್ಟ್‌ಲೆಂಡಿನಲ್ಲಿ ೧೮೪೦ರಲ್ಲಿ ಹುಟ್ಟಿದ ಹೆಲೆನ್ ಆಗಸ್ಟಾ ಬ್ಲಾಂಚರ್ಡ್ ಹಡಗಿನ ಸಾಹುಕಾರರ ಮನೆಯ ಮಗಳು. ವ್ಯಾಪಾರ ಮುಳುಗಿ ಮನೆತನ ಬಡತನಕ್ಕಿಳಿದ ಮೇಲೆ ಈಕೆ ಯಂತ್ರವಿದ್ಯೆಯನ್ನು ನೆಚ್ಚಿದಳು. ಪೇಟೆಂಟಿನ ಶುಲ್ಕಕ್ಕೆ ಸಾಲ ಮಾಡಿದಳು. ೧೮೭೩ರಲ್ಲಿ ಅವಳಿಗೆ ದೊರೆತ ಪೇಟೆಂಟು, ಸೂಜಿ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತ ಹೊಲಿಯುವ ಯಂತ್ರಕ್ಕೆ. ನಮ್ಮ ಅಂಗಡಿಗಳ ಹಲಗೆಗಳಲ್ಲಿ ‘ಜಿಗ್‌ಜಾಗ್’ ಎಂದು ಬರೆದಿರುತ್ತದಲ್ಲ, ಆ ಹೊಲಿಗೆ ಇದೇ. ಒಂದು ಕುತ್ತು ಬಟ್ಟೆಯೊಳಗೆ, ಮುಂದಿನ ಕುತ್ತು ಅಂಚಿನಾಚೆ ಬೀಳುತ್ತ ಹೋದರೆ ಎರಡರ ನಡುವಿನ ಎಳೆಗಳೆಲ್ಲ ದಾರದ ಬಲೆಯೊಳಗೆ ಸಿಕ್ಕಿಕೊಳ್ಳುತ್ತವೆ. ೧೮೮೧ರಲ್ಲಿ ಅವಳು ಫಿಲಡೆಲ್ಫಿಯದಲ್ಲಿ ಅಂಚು ಹೊಲಿಗೆಯ ಹೆಸರಿನಲ್ಲೇ ಒಂದು ಕಂಪನಿಯನ್ನು ಸ್ಥಾಪಿಸಿದಳು. ಒಟ್ಟು ೨೮ ಪೇಟೆಂಟುಗಳನ್ನು ಪಡೆದು, ಕೈತಪ್ಪಿಹೋಗಿದ್ದ ತವರುಮನೆಯನ್ನು ತನ್ನ ದುಡಿಮೆಯಿಂದಲೇ ಮರಳಿ ಕೊಂಡಳು. ೧೯೨೨ರಲ್ಲಿ ತೀರಿಕೊಂಡ ಈಕೆಯ ಹೆಸರು ಸಿಂಗರನ ಹೆಸರಿನಂತೆ ಜನರ ಬಾಯಲ್ಲಿ ಉಳಿಯಲಿಲ್ಲ.

ಎರಡನೆಯ ಹೆಜ್ಜೆಯನ್ನಿಟ್ಟವರು ಕನೆಕ್ಟಿಕಟ್ ಸಂಸ್ಥಾನದ ಮೆರೋ ಮನೆತನದವರು. ಅವರದು ಮೊದಲು ಕೋವಿಮದ್ದಿನ ಕಾರ್ಖಾನೆ. ಅದು ಸಿಡಿದು ಹಾಳಾದ ಮೇಲೆ ೧೮೩೮ರಲ್ಲಿ ಅವರು ಹೆಣೆದ ಬಟ್ಟೆಯ ಗಿರಣಿಯನ್ನು ಸ್ಥಾಪಿಸಿದರು. ನೇಯ್ದ ಬಟ್ಟೆಗಿಂತ ಹೆಣೆದ ಬಟ್ಟೆ ಇನ್ನೂ ಹಟಮಾರಿ. ಅದು ಕುಣಿಕೆಗಳ ಸಾಲು. ಒಂದು ಕುಣಿಕೆ ತಪ್ಪಿದರೆ ಸಾಲೇ ಬಿಚ್ಚುತ್ತದೆ. ತಮ್ಮ ಗಿರಣಿಯ ಈ ಕಾಟಕ್ಕೆ ತಾವೇ ಮದ್ದು ಹುಡುಕುತ್ತ ಅವರು ಮೊದಲು ಕ್ರೋಶ ಹೆಣಿಗೆಯನ್ನು ಅನುಕರಿಸುವ ಯಂತ್ರವನ್ನು ಮಾಡಿದರು. ಅದರಿಂದ ಬೆಳೆದದ್ದು ೧೮೮೧ರಲ್ಲಿ ರೂಪಗೊಂಡು, ೧೮೮೯ರಲ್ಲಿ ಜೋಸೆಫ್ ಮೆರೋವಿನ ಹೆಸರಿನಲ್ಲಿ ಪೇಟೆಂಟು ಪಡೆದ ಓವರ್‌ಲಾಕ್ ಯಂತ್ರ. ಹೋವೆಯ ನೇರ ಹೊಲಿಗೆಗೂ ಇದಕ್ಕೂ ನಡುವೆ ನಲವತ್ತಮೂರು ವರ್ಷ!

ಓವರ್‌ಲಾಕಿನ ಚಮತ್ಕಾರ ಸರಳವಾದುದು. ಸಾಮಾನ್ಯ ಯಂತ್ರದಲ್ಲಿರುವ ಬಾಬಿನ್ ಇದರಲ್ಲಿಲ್ಲ. ಅದರ ಬದಲು ಲೂಪರ್ ಎಂಬ ಬಾಗಿದ ಕೊಕ್ಕೆಗಳಿವೆ. ಕೆಳಗಿನ ಕೊಕ್ಕೆ ಸೂಜಿಯ ದಾರದ ಕುಣಿಕೆಯೊಳಗೆ ತನ್ನ ದಾರವನ್ನು ತೂರಿಸಿ ಅಂಚಿನವರೆಗೆ ಒಯ್ಯುತ್ತದೆ. ಮೇಲಿನ ಕೊಕ್ಕೆ ಅದನ್ನು ಹಿಡಿದು ಅಂಚಿನ ಮೇಲೆ ಹಾಯಿಸಿ ಸೂಜಿ ಇಳಿಯುವ ಕಡೆಗೆ ತರುತ್ತದೆ. ಸೂಜಿ ಇಳಿದು ಅದನ್ನು ಬಂಧಿಸುತ್ತದೆ. ಹೀಗೆ ಬಟ್ಟೆಯ ಹೊರಗೆ ದಾರಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಗಾಳಿಯಲ್ಲಿ ಗಂಟು ಹಾಕುವ ಸಮಸ್ಯೆ ಪರಿಹಾರವಾದುದು ಈ ಬಗೆಯಲ್ಲಿ. ಮುಂದಿನ ದಿನಗಳಲ್ಲಿ ಸೂಜಿಯ ಮುಂದೆಯೇ ಒಂದು ಚಾಕು ಕೂಡಿಕೊಂಡಿತು. ಅದು ಅಂಕುಡೊಂಕಾದ ಅಂಚನ್ನು ಸಮವಾಗಿ ಸವರಿದ ಮರುಕ್ಷಣವೇ ದಾರ ಬಂದು ಸುತ್ತುತ್ತದೆ. ಎಳೆಗೆ ಜಾರಲು ಸಮಯವೇ ಇಲ್ಲ. ಇಂದಿನ ಕಾರ್ಖಾನೆಯ ಯಂತ್ರ ನಿಮಿಷಕ್ಕೆ ೫,೦೦೦ಕ್ಕೂ ಮೇಲ್ಪಟ್ಟು ಹೊಲಿಗೆ ಹಾಕುತ್ತದೆ.

ದಾರವೇ ಬೇಡವೆಂಬ ಉಪಾಯವೂ ಒಂದುಂಟು. ೧೮೯೩ರಲ್ಲಿ ಅಮೆರಿಕದ ಲೂಯಿಸ್ ಆಸ್ಟಿನ್ ಎಂಬಾಕೆ ಗರಗಸದ ಹಲ್ಲಿನ ಬಾಯುಳ್ಳ ಕತ್ತರಿಗೆ ಪೇಟೆಂಟು ಪಡೆದಳು. ಅದರಿಂದ ಕತ್ತರಿಸಿದರೆ ಅಂಚು ಹಲ್ಲುಹಲ್ಲಾಗಿ ಓರೆ ಬೀಳುತ್ತದೆ. ತುದಿಯ ಎಳೆ ಜಾರಿದರೂ ಒಂದು ಹಲ್ಲಿನ ಅಗಲದಷ್ಟೇ ಜಾರುತ್ತದೆ. ಉದ್ದಕ್ಕೂ ಎಳೆದುಕೊಂಡು ಹೋಗುವುದಿಲ್ಲ. ರೋಗ ತಂದ ಕತ್ತರಿಯೇ ಅರ್ಧ ಮದ್ದನ್ನೂ ತಂದಂತಾಯಿತು. ಒತ್ತಾಗಿ ನೇಯ್ದ ಬಟ್ಟೆಗೆ ಇದು ಸಾಕು. ಸಡಿಲ ನೇಯ್ಗೆಗೆ ಸಾಲದು.

ನಮ್ಮ ದೇಶಕ್ಕೆ ಹೊಲಿಗೆಯ ಯಂತ್ರ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದು, ಬಟ್ಟೆಯಂಗಡಿಗಳ ಜಗಲಿಯ ಮೇಲೆ ತಳವೂರಿತು. ಯಂತ್ರಗಳ ವಿಷಯದಲ್ಲಿ ಅಷ್ಟೊಂದು ಅನುಮಾನವಿದ್ದ ಗಾಂಧೀಜಿಯವರೂ ಇದಕ್ಕೆ ವಿನಾಯಿತಿ ಕೊಟ್ಟರು. ೧೯೨೪ರಲ್ಲಿ ರಾಮಚಂದ್ರನ್ ಎಂಬ ತರುಣನೊಡನೆ ಮಾತನಾಡುತ್ತ, ಮನುಷ್ಯ ಕಂಡುಹಿಡಿದ ಉಪಯುಕ್ತ ವಸ್ತುಗಳಲ್ಲಿ ಸಿಂಗರನ ಯಂತ್ರವೂ ಒಂದೆಂದರು. ಹೆಂಡತಿ ಸೂಜಿಯೊಡನೆ ಪಡುವ ಪಾಡನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ರಚಿಸಿದನೆಂಬ ಕಥೆಯನ್ನೂ ಹೇಳಿದರು. ಸಿಂಗರನ ಜೀವನಚರಿತ್ರೆಯನ್ನು ಓದಿದವರಿಗೆ ಈ ಕಥೆಯನ್ನು ನಂಬುವುದು ಕಷ್ಟ. ನಾಟಕದವನಾಗಿ ಊರೂರು ಅಲೆದ ಆತ ಒಂದಕ್ಕಿಂತ ಹೆಚ್ಚು ಸಂಸಾರಗಳನ್ನು ಹೂಡಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಪಡೆದವನು. ಪತ್ನೀಪ್ರೇಮಕ್ಕೆ ಒಳ್ಳೆಯ ದೃಷ್ಟಾಂತವಲ್ಲ. ಹೊಲಿದು ಸಂಸಾರ ಸಾಗಿಸಿದ ಹೆಂಡತಿಯನ್ನು ಕಣ್ಣಾರೆ ಕಂಡವನು ಹೋವೆ. ಆದರೂ ಗಾಂಧೀಜಿಯವರ ತಾತ್ಪರ್ಯ ಸುಳ್ಳಾಗುವುದಿಲ್ಲ. ಯಂತ್ರವನ್ನು ಅಳೆಯಬೇಕಾದದ್ದು ಅದು ಯಾರ ಕೈಯ ಭಾರವನ್ನು ಇಳಿಸಿತು ಎಂಬುದರಿಂದ ಎಂಬುದೇ ಆ ತಾತ್ಪರ್ಯ. ಈ ಅಳತೆಗೋಲನ್ನು ಓವರ್‌ಲಾಕಿಗೂ ಹಿಡಿದು ನೋಡಬಹುದು.

ನನ್ನ ಬಾಲ್ಯದಲ್ಲಿ ನಮ್ಮ ಊರಿನ ದರ್ಜಿಯ ಬಳಿ ಇದ್ದದ್ದು ನೇರ ಹೊಲಿಗೆಯ ಯಂತ್ರವೊಂದೇ. ಅಂಚುಗಳನ್ನು ಆತನ ಹೆಂಡತಿ ಸಂಜೆ ಅಡಿಗೆ ಮುಗಿಸಿ ದೀಪದ ಕೆಳಗೆ ಕೈಯಲ್ಲಿ ಸುತ್ತುತ್ತಿದ್ದಳು. ಅಂಗಡಿಯ ಹಲಗೆಯ ಮೇಲೆ ಅವಳ ಹೆಸರಿರಲಿಲ್ಲ. ಅಜ್ಜಿ ಹಿಂದಕ್ಕೆ ಕಳಿಸುತ್ತಿದ್ದ ಅಂಗಿಗಳು ಅವಳ ಕೈಗೇ ಹೋಗುತ್ತಿದ್ದವೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕೆಲವು ಕಾಲದ ನಂತರ ಪೇಟೆಯ ಬೀದಿಯಲ್ಲಿ ಒಬ್ಬರು ಓವರ್‌ಲಾಕ್ ಯಂತ್ರವನ್ನು ತಂದಿರಿಸಿದರು. ಸುತ್ತಿನ ದರ್ಜಿಗಳೆಲ್ಲ ಬಟ್ಟೆಗಳನ್ನು ಗಂಟು ಕಟ್ಟಿ ಅಲ್ಲಿಗೆ ಕಳುಹಿಸತೊಡಗಿದರು. ಅಂದಿನಿಂದ ಆ ಹೆಂಗಸಿನ ಸಂಜೆಗಳು ಬಿಡುವಾದವು. ಯಂತ್ರ ಭಾರ ಇಳಿಸಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

ಆದರೆ ಈ ಚರಿತ್ರೆ ಅಲ್ಲಿಗೇ ನಿಲ್ಲುವುದಿಲ್ಲ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಕಡೆ ಸಿದ್ಧ ಉಡುಪಿನ ಕಾರ್ಖಾನೆಗಳು ಎದ್ದ ಮೇಲೆ ಅಂಚು ಕಟ್ಟುವ ಕೆಲಸ ದೀಪದ ಬುಡದಿಂದ ಸಾಲುಯಂತ್ರಗಳ ನಡುವಿಗೆ ಬಂದಿತು. ಅಲ್ಲಿ ಒಬ್ಬಳು ಕಾಲರು ಹೊಲಿದರೆ ಇನ್ನೊಬ್ಬಳು ತೋಳು ಕೂಡಿಸುತ್ತಾಳೆ, ಮತ್ತೊಬ್ಬಳು ಇಡೀ ದಿನ ಬರಿಯ ಓವರ್‌ಲಾಕ್ ಹೊಡೆಯುತ್ತಾಳೆ. ಗಂಟೆಗೆ ಇಷ್ಟು ತುಂಡು ಎಂಬ ಗುರಿ ಅವಳ ತಲೆಯ ಮೇಲಿರುತ್ತದೆ. ಚಾಕು ಸವರಿದ ಅಂಚಿನ ಧೂಳು ಮುಖಕ್ಕೆ ಬರುತ್ತದೆ. ಹಿಂದೆ ಒಂದು ಸಂಜೆಯನ್ನು ನುಂಗುತ್ತಿದ್ದ ಕೆಲಸ ಈಗ ಕೆಲವು ನಿಮಿಷದ್ದು. ಉಳಿದ ಹೊತ್ತು ಅವಳಿಗೆ ದಕ್ಕದೆ ಮುಂದಿನ ತುಂಡಿಗೆ ಹೋಗುತ್ತದೆ.

ಈ ಹೆಂಗಸರನ್ನು ನಾಡು ಒಮ್ಮೆ ಮುಖಾಮುಖಿಯಾಗಿ ಕಂಡಿತು. ೨೦೧೬ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮವನ್ನು ಬದಲಿಸಿ, ಮಾಲೀಕರ ಪಾಲಿನ ಹಣವನ್ನು ೫೮ ವರ್ಷ ತುಂಬುವ ತನಕ ತೆಗೆಯುವಂತಿಲ್ಲವೆಂದು ಪ್ರಕಟಿಸಿತು. ಕಾರ್ಖಾನೆ ಬಿಟ್ಟಾಗ ಕೈಗೆ ಬರುವ ಆ ಗಂಟೇ ಮಗಳ ಮದುವೆಗೆ, ಮನೆಯ ಸಾಲಕ್ಕೆ ಆಧಾರವಾಗಿದ್ದ ಹೆಂಗಸರು ಏಪ್ರಿಲ್ ೧೮ ಮತ್ತು ೧೯ರಂದು ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ರಸ್ತೆಗಿಳಿದರು. ಹೊಸೂರು ರಸ್ತೆಯ ಸಂಚಾರ ನಿಂತುಹೋಯಿತು. ಕಲ್ಲು ತೂರಾಟವೂ ಲಾಠಿಯೂ ನಡೆದುವು. ಏಪ್ರಿಲ್ ೧೯ರಂದೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ನಾವು ಮೈಮೇಲೆ ಹಾಕಿಕೊಂಡ ಅಂಗಿಯ ಒಳಮಗ್ಗುಲು ಆ ಎರಡು ದಿನ ಹೊರಕ್ಕೆ ತಿರುಗಿತ್ತು.

ಇಂದು ನಮ್ಮ ಊರುಗಳ ಬೀದಿಯಲ್ಲಿ ನಡೆದರೆ ‘ಫಾಲ್, ಜಿಗ್‌ಜಾಗ್, ಕುಚ್ಚು’ ಎಂಬ ಹಲಗೆಗಳು ಕಾಣುತ್ತವೆ. ಬ್ಲಾಂಚರ್ಡಳ ಹೊಲಿಗೆಯೂ ಮಗ್ಗದ ಕಾಲದ ಗಂಟೂ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಕುಳಿತಿವೆ. ಯಂತ್ರದ ಜಿಗ್‌ಜಾಗಿಗೆ ಕೊಡುವುದು ಕಡಿಮೆ. ಕೈಯಿಂದ ಹಾಕಿದ ಕುಚ್ಚಿಗೆ ಅದರ ಹಲವು ಪಟ್ಟು. ಯಂತ್ರದಿಂದ ಸೋತಿತೆಂದುಕೊಂಡ ಕೈ ಶೋಭೆಯ ಹೆಸರಿನಲ್ಲಿ ಮರಳಿ ಬಂದಿದೆ. ಅಂಗಡಿಯವರು ಪಡೆಯುವ ಆ ದುಡ್ಡಿನಲ್ಲಿ, ಮನೆಯಲ್ಲಿ ಕುಳಿತು ಗಂಟು ಹಾಕುವವಳ ಪಾಲೆಷ್ಟು ಎಂದು ಕೇಳುವ ರೂಢಿ ನಮಗಿನ್ನೂ ಬಂದಿಲ್ಲ.

ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಚರಿತ್ರೆ ಏಕೆ ಎಂದು ಓದುಗರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಮುಂದಿನ ಸಲ ಅಂಗಿಯೊಂದನ್ನು ಕೊಳ್ಳುವಾಗ ಒಮ್ಮೆ ಒಳಮಗ್ಗುಲನ್ನು ತಿರುವಿ ನೋಡಿರಿ. ಅಂಚಿನುದ್ದಕ್ಕೂ ಓಡುವ ಆ ದಾರದ ಸರಪಣಿಯಲ್ಲಿ ಕೋವಿಮದ್ದಿನ ಕಾರ್ಖಾನೆ ಕಳೆದುಕೊಂಡವರಿದ್ದಾರೆ, ಸಾಲ ಮಾಡಿ ಪೇಟೆಂಟು ಪಡೆದವಳಿದ್ದಾಳೆ, ಇಂದು ಬೆಳಗ್ಗೆ ಬಸ್ಸು ಹಿಡಿದು ಕಾರ್ಖಾನೆಗೆ ಹೋದವಳೂ ಇದ್ದಾಳೆ. ಒಗೆಯುವವಳು ನೋಡುತ್ತಾಳೆಂದು ಅಜ್ಜಿ ಹೇಳಿದ್ದಳು. ಉಡುವವರೂ ಒಮ್ಮೆ ನೋಡಿದರೆ ತಪ್ಪೇನೂ ಇಲ್ಲ.